ಸುರಂಗದಿಂದ ಶಾಸನಸಭೆಗೆ

ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದವರೇ. ಆದರೆ ಕೈ ಕೆಸರು ಮಾಡಿಕೊಂಡವನ ಬಾಯಿಗೇ ಮೊಸರು ಬೀಳುವುದೆಂಬ ನಿಯಮವು ಲೋಕದಲ್ಲಿ ಎಲ್ಲೆಡೆಯೂ ನಡೆದುಬಂದಿಲ್ಲ. 1949ರಲ್ಲಿ ಕೈಗಾರಿಕೆಯ ಉಪನಗರವಾಗಿ ಮೊದಲಾದ ರಾಜಾಜಿನಗರದಲ್ಲಿಯೂ, ಆಚೆಯ ವಿಜಯನಗರ, ಕೆಂಗೇರಿಗಳಲ್ಲಿಯೂ ವಾಸಿಸುವ ವಾಚಕರಲ್ಲಿ ಅನೇಕರ ಹಿರಿಯರು ಪರಸ್ಥಳದಿಂದ ಜೀವನೋಪಾಯಕ್ಕಾಗಿ ಬಂದವರು. ಆದುದರಿಂದ, ಊರು ಬಿಟ್ಟು ದುಡಿಯಹೋದ ಒಬ್ಬ ಗಣಿಯಾಳಿನ ಚರಿತ್ರೆಯನ್ನೂ, ಅವನ ಕಾಲದಲ್ಲಿಯೇ ನಮ್ಮ ಕೋಲಾರದಲ್ಲಿ ದುಡಿದವರ ಚರಿತ್ರೆಯನ್ನೂ ಜೊತೆಯಾಗಿಟ್ಟು ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಆಂಡ್ರೂ ಫಿಷರನು 1862ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ಕ್ರಾಸ್‌ಹೌಸ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆಯು ಕಲ್ಲಿದ್ದಲ ಗಣಿಯ ಕೆಲಸಗಾರನು. ಬಾಲಕನು ಹತ್ತು ವರ್ಷದ ಸುಮಾರಿಗೆ ತಾನೂ ಗಣಿಗಿಳಿದನು. ಶಾಲೆಯಲ್ಲಿ ಉಳಿದುಹೋದ ವಿದ್ಯೆಯನ್ನು ರಾತ್ರಿಯ ಓದಿನಿಂದ ಸಂಪಾದಿಸಿದನು. ಹದಿನೇಳನೆಯ ವಯಸ್ಸಿಗೆ ಗಣಿಗಾರರ ಸಂಘದ ಸ್ಥಳೀಯ ಶಾಖೆಗೆ ಕಾರ್ಯದರ್ಶಿಯಾದನು. 1881ರ ಮುಷ್ಕರದಲ್ಲಿ ಸೇರಿದ್ದಕ್ಕಾಗಿ ಕೆಲಸವನ್ನು ಕಳೆದುಕೊಂಡನು. ಕಡೆಗೆ ಗಣಿಗಳ ಬಾಗಿಲು ಅವನಿಗೆ ಮುಚ್ಚಿಹೋಗಲು, 1885ರಲ್ಲಿ ತಮ್ಮನೊಡನೆ ಹಡಗು ಹತ್ತಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಪ್ರಾಂತವನ್ನು ಸೇರಿದನು.

ಅಲ್ಲಿ ಗಿಂಪಿಯೆಂಬ ಚಿನ್ನದ ಊರಿನಲ್ಲಿ ಅವನು ಪುನಃ ಸುರಂಗಕ್ಕಿಳಿದನು, ಪುನಃ ಸಂಘವನ್ನು ಹಿಡಿದನು. ಆದರೆ ಈ ಸಾರಿ ನೆಲವು ಬೇರೆಯಾಗಿದ್ದಿತು. ಗಣಿಯಾಳಿಗೂ ಅಲ್ಲಿ ಮತವಿದ್ದಿತು. ಶಾಸನಸಭೆಯ ಸದಸ್ಯನಿಗೆ ವೇತನವಿದ್ದುದರಿಂದ ಬಡವನೂ ಅಲ್ಲಿ ಕುಳಿತುಕೊಳ್ಳಬಹುದಾಗಿದ್ದಿತು. 1893ರಲ್ಲಿ ಗಿಂಪಿಯ ಜನರು ಫಿಷರನನ್ನು ಆರಿಸಿ ಕಳುಹಿಸಿದರು. 1901ರಲ್ಲಿ ಅವನು ಆಸ್ಟ್ರೇಲಿಯದ ಪ್ರಥಮ ಸಂಯುಕ್ತ ಪಾರ್ಲಿಮೆಂಟಿನ ಸದಸ್ಯನಾದನು. 1908ರಿಂದ 1915ರೊಳಗೆ ಮೂರು ಸಾರಿ ಪ್ರಧಾನಮಂತ್ರಿಯಾದನು. ಸರಕಾರದ ಬ್ಯಾಂಕು ಅವನ ಅಧಿಕಾರದಲ್ಲಿ ಸ್ಥಾಪಿತವಾಯಿತು. 1912ರಲ್ಲಿ, ಮಗುವನ್ನು ಹೆತ್ತ ತಾಯಿಗೆ 5 ಪೌಂಡುಗಳ ಸಹಾಯಧನವನ್ನು ಕೊಡುವ ಶಾಸನವೂ ಆಯಿತು. ಬಡವರ ಮನೆಯ ಬಾಣಂತನದ ಕಷ್ಟವನ್ನು ಕಂಡು ಬೆಳೆದವನಿಗೆ ಇದರ ಅಗತ್ಯವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು 1928ರಲ್ಲಿ ಲಂಡನ್ನಿನಲ್ಲಿ ಕಾಲವಾದನು.

ಇನ್ನು ಕೋಲಾರದ ಕಡೆ ತಿರುಗೋಣ. ಜಾನ್ ಟೇಲರ್ ಕಂಪೆನಿಯವರು ಅಲ್ಲಿಗೆ ಬಂದುದು 1880ರಲ್ಲಿ. ಫಿಷರನು ಹಡಗು ಹತ್ತಿದ ಕಾಲಕ್ಕೆ ಅಲ್ಲಿಯೂ ಚಿನ್ನವು ಹೊರಬರತೊಡಗಿದ್ದಿತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳ ಬರದ ಸೀಮೆಗಳಿಂದ ತಮಿಳರೂ ತೆಲುಗರೂ ಕೂಲಿಗಾಗಿ ಬಂದರು. ಅವರಲ್ಲಿ ಬಹುಮಂದಿ, ಊರಿನಲ್ಲಿ ಕೇರಿಯ ಆಚೆ ಇರಿಸಲ್ಪಟ್ಟಿದ್ದ ಜಾತಿಗಳವರು. ಚಾಂಪಿಯನ್ ರೀಫ್ ಗಣಿಯ ಆಳವು ಕಾಲಕ್ರಮದಲ್ಲಿ 3 ಕಿಲೋಮೀಟರುಗಳನ್ನು ಮೀರಿತು. ಆ ಆಳದಲ್ಲಿ ಬೇಗೆಯು ತಾಳಲಾರದು. ಮೇಲಿನ ಭಾರಕ್ಕೆ ಬಂಡೆಯು ತಾನಾಗಿಯೇ ಸಿಡಿಯುವುದುಂಟು. ಕಲ್ಲಿನ ಧೂಳು ಶ್ವಾಸಕೋಶಗಳಲ್ಲಿ ನಿಲ್ಲುವುದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೂರು ವರ್ಷ ಮುಂಚೆಯೇ ಗಣಿಗೆ ಬಂದಿತು. ಆದರೆ ಕೆಲಸಗಾರರ ಗುಡಿಸಲುಗಳಲ್ಲಿ ಬಹುಕಾಲ ಕತ್ತಲೆಯೇ ಇದ್ದಿತು. ಚಿನ್ನದ ಲಾಭವು ಲಂಡನ್ನಿನ ಷೇರುದಾರರನ್ನು ಸೇರಿತು.

ಇವರಿಗೆ ಸಂಘವೂ ಇರಲಿಲ್ಲ, ಮತವೂ ಇರಲಿಲ್ಲ. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು 1881ರಲ್ಲಿಯೇ ಆರಂಭವಾಗಿದ್ದರೂ, ಆಸ್ತಿ ಕಂದಾಯಗಳಿಲ್ಲದ ಕೂಲಿಕಾರನಿಗೆ ಅದರ ಬಾಗಿಲು ದೂರವಾಗಿದ್ದಿತು. 1930ರಲ್ಲಿ, ಕೆಲಸಗಾರರು ಬೆರಳಚ್ಚು ಕೊಡಬೇಕೆಂಬ ನಿಯಮವಾದಾಗ, ಕಳ್ಳರಿಗೆ ಮಾಡುವುದನ್ನು ತಮಗೆ ಮಾಡುವರೇ ಎಂದು ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಆ ಮುಷ್ಕರವು ಸುಮಾರು ಮೂರು ವಾರ ನಡೆಯಿತು. ಕೂಲಿಗಾಗಿಯಲ್ಲ, ಮಾನಕ್ಕಾಗಿ ನಡೆದುದೆಂಬುದೇ ಅದರ ವಿಶೇಷ. ಮುಂದೆ ಸಂಘಗಳು ಬೆಳೆದವು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ವಯಸ್ಕರೆಲ್ಲರಿಗೂ ಮತ ದೊರೆತ ಮೊದಲನೆಯ ಚುನಾವಣೆಯಲ್ಲಿ, 1952ರಲ್ಲಿ, ಗಣಿಯ ಜನರು ಕಾರ್ಮಿಕ ಮುಖಂಡರಾದ ಕಮ್ಯುನಿಸ್ಟ್ ಪಕ್ಷದ ಕೆ. ಎಸ್. ವಾಸನ್ ಅವರನ್ನೂ, ಪರಿಶಿಷ್ಟ ಜಾತಿಗಳ ಒಕ್ಕೂಟದ ಪಿ. ಎಂ. ಸ್ವಾಮಿದೊರೈ ಅವರನ್ನೂ ಮೈಸೂರಿನ ವಿಧಾನಸಭೆಗೆ ಕಳುಹಿಸಿದರು. ಫಿಷರನು ಹಡಗಿಳಿದ ಎಂಟು ವರ್ಷಗಳಲ್ಲಿ ನಡೆದ ದೂರವನ್ನು ನಡೆಯಲು ಕೋಲಾರದವರಿಗೆ ಎಪ್ಪತ್ತು ವರ್ಷಗಳು ಹಿಡಿದವು.

ಈ ಅಂತರಕ್ಕೆ ದುಡಿಮೆಯ ಕೊರತೆಯು ಕಾರಣವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಒಬ್ಬನನ್ನು ಪ್ರಜೆಯೆಂದು ಎಣಿಸಿದರು, ಇನ್ನೊಬ್ಬನನ್ನು ಆಳೆಂದು ಎಣಿಸಿದರು. ಫಿಷರನ ಪಕ್ಷದವರೂ ಈ ದೋಷಕ್ಕೆ ಹೊರತಾಗಿರಲಿಲ್ಲ. 1901ರ ಆಸ್ಟ್ರೇಲಿಯದ ವಲಸೆ ಶಾಸನಕ್ಕೆ ಅವರ ಬೆಂಬಲವಿದ್ದಿತು. ಕೋಲಾರದ ಗಣಿಯಾಳೊಬ್ಬನು ಗಿಂಪಿಗೆ ಹೋಗಬಯಸಿದ್ದರೆ, ಯೂರೋಪಿನ ಯಾವುದಾದರೊಂದು ಭಾಷೆಯಲ್ಲಿ ಉಕ್ತಲೇಖನ ಬರೆಯಿಸಿ ಅವನನ್ನು ಹಿಂದಕ್ಕಟ್ಟಲು ಆ ಶಾಸನದಲ್ಲಿ ಅವಕಾಶವಿದ್ದಿತು. ತಾಯಂದಿರ ಆ 5 ಪೌಂಡುಗಳು ಕೂಡ ಏಷ್ಯದ ಹೆಂಗಸರಿಗೂ ಆ ನಾಡಿನ ಮೂಲನಿವಾಸಿ ಹೆಂಗಸರಿಗೂ ಸಲ್ಲುತ್ತಿರಲಿಲ್ಲ. ತಾನು ವಲಸೆ ಬಂದು ಮೇಲೇರಿದವನು ತನ್ನ ಹಿಂದೆ ಬರುವವರಿಗೆ ಏಣಿಯನ್ನು ಉಳಿಸಿದನೇ ಎಂಬ ಪ್ರಶ್ನೆಯಿಲ್ಲದೆ ಯಾವ ಮುಖಂಡನ ಚರಿತ್ರೆಯೂ ಪೂರ್ಣವಾಗದೆಂಬುದು ನಮ್ಮ ಅಭಿಪ್ರಾಯ.

ಸುಮಾರು 800 ಟನ್ ಚಿನ್ನವನ್ನು ಕೊಟ್ಟ ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿಹೋದವು. ಈಗ ಅಲ್ಲಿ ಕಾಣುವುದು ಸಯನೈಡ್ ಮಣ್ಣಿನ ಗುಡ್ಡಗಳು. ಆದರೆ ಊರು ಬಿಟ್ಟು ದುಡಿಯಹೋಗುವುದು ನಿಂತಿಲ್ಲ. ನಮ್ಮ ಬೀದಿಯಲ್ಲಿ ಮನೆ ಕಟ್ಟುವ ಗಾರೆಯವನೂ, ನಮ್ಮ ಮನೆಯ ಪಾತ್ರೆ ತೊಳೆಯುವ ಹೆಂಗಸೂ ಪರಸ್ಥಳದಿಂದ ಬಂದವರಾಗಿರಬಹುದು. ಅವರಿಗೆ ಕೂಲಿಯನ್ನು ಕೊಡುವಾಗ, ಇಲ್ಲಿಯ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿದೆಯೇ ಎಂದು ಒಂದು ಮಾತು ಕೇಳಿದರೆ ಗೃಹಸ್ಥರಿಗೆ ನಷ್ಟವೇನೂ ಇಲ್ಲ. ಸೇರಿಲ್ಲವೆಂದರೆ, ಅರ್ಜಿಯನ್ನು ತುಂಬಿಕೊಡಲು ಅರ್ಧ ಗಂಟೆ ಸಾಕು.