ಕರಾರಿನಲ್ಲಿ ಹೆಸರಿಲ್ಲದ ಸಹನಿವಾಸಿಗಳ ಹಕ್ಕುಗಳು

ಉದ್ಯೋಗ ಅಥವಾ ವ್ಯಾಸಂಗದ ನಿಮಿತ್ತ ಮುಂಬೈ, ಪುಣೆ ನಗರಗಳಿಗೆ ತೆರಳುವ ಕನ್ನಡಿಗರಲ್ಲಿ ಹಲವರು ಮೂವರು ನಾಲ್ವರು ಕೂಡಿ ಒಂದೇ ಮನೆಯಲ್ಲಿ ವಾಸಿಸುವುದುಂಟು. ಎಷ್ಟೋ ವೇಳೆ ಕರಾರು ಒಬ್ಬರ ಹೆಸರಿನಲ್ಲಿ ಮಾತ್ರ ಇರುತ್ತದೆ. ಉಳಿದವರು ತಮ್ಮ ಪಾಲಿನ ಬಾಡಿಗೆಯನ್ನೂ ಠೇವಣಿಯನ್ನೂ ಅವರ ಕೈಗೆ ಒಪ್ಪಿಸುತ್ತಾರೆ. ಕರಾರುದಾರರಿಗೆ ಬೇರೆ ಊರಿಗೆ ವರ್ಗವಾದಾಗ ಉಳಿದವರ ಸ್ಥಾನವೇನೆಂಬ ಪ್ರಶ್ನೆ ಉದ್ಭವಿಸುತ್ತದೆ.

ಈ ನಗರಗಳಲ್ಲಿ ರೂಢಿಯಲ್ಲಿರುವ 'ಲೀವ್ ಅಂಡ್ ಲೈಸೆನ್ಸ್' ಕರಾರು ಮನೆಯಲ್ಲಿ ವಾಸಿಸಲು ನೀಡುವ ಪರವಾನಗಿಯೇ ಹೊರತು ಗೇಣಿಯಲ್ಲ. 1882ರ ಭಾರತೀಯ ಈಸ್‌ಮೆಂಟ್ಸ್ ಅಧಿನಿಯಮದ 56ನೆಯ ಪ್ರಕರಣದ ಮೇರೆಗೆ, ಬೇರೆ ಉದ್ದೇಶ ವ್ಯಕ್ತವಾಗದ ಹೊರತು, ಇಂತಹ ಪರವಾನಗಿಯನ್ನು ಪಡೆದವರು ಮತ್ತೊಬ್ಬರಿಗೆ ವರ್ಗಾಯಿಸಲಾಗದು. ಆದುದರಿಂದ ಮಾಲೀಕರ ಸಮ್ಮತಿಯಿಲ್ಲದೆ ಬಂದು ಸೇರಿದವರು, ಎಷ್ಟು ಕಾಲ ಬಾಡಿಗೆಯ ಪಾಲು ತೆತ್ತಿದ್ದರೂ, ಕರಾರುದಾರರು ತೆರಳಿದ ಮೇಲೆ ಅದೇ ಮನೆಯಲ್ಲಿ ಮುಂದುವರಿಯುವ ಹಕ್ಕನ್ನು ಮಾಲೀಕರ ವಿರುದ್ಧ ಸಾಧಿಸುವುದು ಕಷ್ಟ. ದೀರ್ಘಕಾಲದ ಸ್ನೇಹವೂ ಈ ಸ್ಥಿತಿಯನ್ನು ಬದಲಿಸದು. ಮಹಾರಾಷ್ಟ್ರದಲ್ಲಿ ಬಾಡಿಗೆದಾರರು ಮರಣಹೊಂದಿದಾಗ ಅವರೊಂದಿಗೆ ವಾಸವಾಗಿದ್ದ ಕುಟುಂಬದವರಿಗೆ ಬಾಡಿಗೆ ನಿಯಂತ್ರಣ ಕಾನೂನು ನೀಡುವ ರಕ್ಷಣೆ, ಸ್ನೇಹಿತರೆಂಬ ಕಾರಣಕ್ಕೆ ಸಹನಿವಾಸಿಗಳಿಗೆ ಲಭಿಸುವುದಿಲ್ಲ.

ಹಾಗೆಂದು ಸಹನಿವಾಸಿಗಳು ಸಂಪೂರ್ಣ ನಿರಾಶ್ರಿತರಲ್ಲ. ಪರವಾನಗಿ ರದ್ದಾದಾಗ ಮನೆ ತೆರವು ಮಾಡಲು ಮತ್ತು ಸಾಮಾನುಗಳನ್ನು ಸಾಗಿಸಲು ಯುಕ್ತ ಕಾಲಾವಕಾಶ ದೊರೆಯಬೇಕೆಂದು ಅದೇ ಅಧಿನಿಯಮದ 63ನೆಯ ಪ್ರಕರಣ ವಿಧಿಸುತ್ತದೆ. ಠೇವಣಿಯ ಹಣವನ್ನು ಯಾರ ಕೈಗೆ ಕೊಡಲಾಗಿದೆಯೋ ಅವರಿಂದಲೇ ಮರಳಿ ಕೇಳಬೇಕಾಗುತ್ತದೆ. ರಸೀದಿ ಅಥವಾ ಬ್ಯಾಂಕಿನ ದಾಖಲೆ ಇಲ್ಲದಿದ್ದಲ್ಲಿ ಇದನ್ನು ರುಜುವಾತುಪಡಿಸುವುದು ಸುಲಭವಲ್ಲ.

ದೆಹಲಿಯಲ್ಲಿ 1958ರ ಬಾಡಿಗೆ ನಿಯಂತ್ರಣ ಅಧಿನಿಯಮಕ್ಕೆ ಒಳಪಟ್ಟ ಮನೆಗಳ ವಿಷಯದಲ್ಲಿ ಮತ್ತೊಂದು ಎಚ್ಚರ ಅಗತ್ಯ. ಮಾಲೀಕರ ಲಿಖಿತ ಸಮ್ಮತಿಯಿಲ್ಲದೆ ಮನೆಯನ್ನು ಒಳಬಾಡಿಗೆಗೆ ಕೊಡುವುದು ಅಥವಾ ಅದರ ಸ್ವಾಧೀನವನ್ನು ಬಿಟ್ಟುಕೊಡುವುದು ಬಾಡಿಗೆದಾರರನ್ನೇ ತೆರವುಗೊಳಿಸಲು ಆಧಾರವಾಗಬಲ್ಲದು. ಬಾಡಿಗೆದಾರರು ತಾವೂ ವಾಸವಿದ್ದು ಅತಿಥಿಯನ್ನು ಇರಿಸಿಕೊಳ್ಳುವುದು ಬೇರೆ, ಮನೆಯನ್ನು ಅನ್ಯರ ಸ್ವಾಧೀನಕ್ಕೆ ಒಪ್ಪಿಸುವುದು ಬೇರೆ.

ಈ ತೊಡಕುಗಳನ್ನು ಮೊದಲೇ ನಿವಾರಿಸಿಕೊಳ್ಳಬಹುದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮದ 55ನೆಯ ಪ್ರಕರಣದಂತೆ ಕರಾರು ಲಿಖಿತವಾಗಿರಬೇಕು ಹಾಗೂ ನೋಂದಣಿಯಾಗಿರಬೇಕು. ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ತಪ್ಪಿದಲ್ಲಿ ಅವರಿಗೆ 3 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು. ಮನೆಯಲ್ಲಿ ವಾಸಿಸುವ ಎಲ್ಲರೂ ತಮ್ಮ ಹೆಸರನ್ನು ಈ ಕರಾರಿನಲ್ಲಿ ನಮೂದಿಸಿಕೊಳ್ಳುವುದು ಉಚಿತ. ನಡುವೆ ಬಂದು ಸೇರುವವರು ಮಾಲೀಕರ ಲಿಖಿತ ಸಮ್ಮತಿ ಪಡೆದು ಹೊಸ ಕರಾರು ಮಾಡಿಸಿಕೊಳ್ಳಬೇಕು. ಹೆಸರು ಸೇರಿದೊಡನೆ ಬಾಡಿಗೆಯ ಹೊಣೆಯೂ ಬರುವುದರಿಂದ, ಒಬ್ಬರು ಬಿಟ್ಟುಹೋದರೆ ಅವರ ಪಾಲನ್ನು ಯಾರು ಭರಿಸಬೇಕೆಂಬುದನ್ನು ಸಹಿ ಹಾಕುವ ಮುನ್ನವೇ ಇತ್ಯರ್ಥಪಡಿಸಿಕೊಳ್ಳತಕ್ಕದ್ದು.