ತಡವಾಗಿ ಹೊರಟ ಬೋಪಣ್ಣ

ಐದಾರು ವರ್ಷಕ್ಕೇ ಮಕ್ಕಳ ಕೈಗೆ ರ‍್ಯಾಕೆಟ್ ಕೊಡುವ ಆಟ ಟೆನಿಸ್. ಹಾಕಿಯ ನಾಡಾದ ಕೊಡಗಿನ ಕಾಫಿ ಬೆಳೆಗಾರರೊಬ್ಬರ ಮಗ ರೋಹನ್ ಬೋಪಣ್ಣ ಅದನ್ನು ಹಿಡಿದದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಆ ಲೆಕ್ಕದಲ್ಲಿ ಹುಡುಗ ಆಗಲೇ ಹಿಂದೆ ಬಿದ್ದಿದ್ದ!

1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ ಹುಟ್ಟಿದ ರೋಹನ್ ಬೆಳೆದದ್ದು ಕೊಡಗಿನಲ್ಲಿ. ಮಗ ಒಂಟಿಯಾಗಿ ಆಡುವ ಆಟವೊಂದನ್ನು ಕಲಿಯಲಿ ಎಂಬುದು ತಂದೆಯ ಆಸೆ. ಹಗ್ಗ ಹತ್ತುವುದು, ಸೌದೆ ಒಡೆಯುವುದೇ ಹುಡುಗನ ಕಸರತ್ತು. ತೋಳಿಗೆ ಬಲ ಬಂತು. ಹೆಸರು ಮಾತ್ರ ಬೇಗ ಬರಲಿಲ್ಲ. ಲಿಯಾಂಡರ್ ಪೇಸ್ ಹದಿನೇಳಕ್ಕೆ, 1990ರಲ್ಲಿ, ಜೂನಿಯರ್ ವಿಂಬಲ್ಡನ್ ಗೆದ್ದಿದ್ದರು. ಬೋಪಣ್ಣ ಟೆನಿಸ್ಸನ್ನೇ ಗುರಿಯಾಗಿಸಿಕೊಂಡದ್ದು ಹತ್ತೊಂಬತ್ತಕ್ಕೆ.

2002ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಡೇವಿಸ್ ಕಪ್‌ಗೆ ಕಾಲಿಟ್ಟ ಅವರು 2003ರಲ್ಲಿ ವೃತ್ತಿಪರ ಆಟಗಾರರಾದರು. ಸಿಡಿಲಿನಂಥ ಸರ್ವ್ ಇದ್ದರೂ ಸಿಂಗಲ್ಸ್‌ನಲ್ಲಿ ಏರಿದ ಅತ್ಯುನ್ನತ ಸ್ಥಾನ 213, ಅದೂ 2007ರಲ್ಲಿ. ಗ್ರ್ಯಾಂಡ್ ಸ್ಲಾಂ ಸಿಂಗಲ್ಸ್‌ನಲ್ಲಿ ಆಡುವವರು 128 ಮಂದಿ. ರ‍್ಯಾಂಕಿಂಗ್ ಬಲದಿಂದ ನೇರವಾಗಿ ಒಳಬರುವವರು ಸುಮಾರು ನೂರು ಜನ ಮಾತ್ರ. ಉಳಿದವರಲ್ಲಿ ಹೆಚ್ಚಿನವರಿಗೆ ಅರ್ಹತಾ ಸುತ್ತಿನ ಬಾಗಿಲೇ ಗತಿ.

ಇಂಥ ಹೊತ್ತಿನಲ್ಲಿ ಆಟವನ್ನೇ ಬಿಡುವವರುಂಟು. ಬೋಪಣ್ಣ ತಮ್ಮ ಬಲ ಎಲ್ಲಿದೆಯೆಂದು ನೋಡಿಕೊಂಡರು. ಅವರ ಸರ್ವ್‌ಗೆ ಡಬಲ್ಸ್‌ನಲ್ಲಿ ಹೆಚ್ಚು ಬೆಲೆ ಇತ್ತು. ನೆಟ್ ಬಳಿ ಸಜ್ಜಾಗಿ ನಿಂತ ಜೊತೆಗಾರ ಎದುರಾಳಿಯ ತಡಬಡಾಯಿಸಿದ ಉತ್ತರವನ್ನು ಅಲ್ಲೇ ಮುಗಿಸಬಲ್ಲ. 2008ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎರಿಕ್ ಬ್ಯುಟೊರಾಕ್ ಜೊತೆ ಮೊದಲ ಎಟಿಪಿ ಪ್ರಶಸ್ತಿ ಬಂತು. ಆಗ ವಯಸ್ಸು 28.

2010ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್ ತಲುಪಿದರು. ಎರಡೂ ಸೆಟ್‌ಗಳನ್ನು ಟೈಬ್ರೇಕರ್‌ನಲ್ಲಿ ಬ್ರಯಾನ್ ಸಹೋದರರಿಗೆ ಒಪ್ಪಿಸಬೇಕಾಯಿತು. ಅದೇ ತಿಂಗಳು ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧದ ಡೇವಿಸ್ ಕಪ್ ಹಣಾಹಣಿ. ಮೊದಲ ದಿನ ಬೋಪಣ್ಣ ಸೇರಿ ಇಬ್ಬರೂ ಭಾರತೀಯರು ಸೋತರು. 0-2ರಿಂದ ಚೇತರಿಸಿಕೊಂಡ ಭಾರತ 2-2 ಮಾಡಿತು. ನಿರ್ಣಾಯಕ ಐದನೆಯ ಪಂದ್ಯ, ಸಿಂಗಲ್ಸ್! ಬೋಪಣ್ಣ ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಮಣಿಸಿದರು.

2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯಾ ಓಪನ್ ಗೆದ್ದ ಅವರು ಡಬಲ್ಸ್‌ನಲ್ಲಿ ವಿಶ್ವದ ಒಂದನೆಯ ಸ್ಥಾನಕ್ಕೂ ಏರಿದರು. ಅಷ್ಟು ವಯಸ್ಸಿನಲ್ಲಿ ಮೊದಲ ಬಾರಿಗೆ ಅಲ್ಲಿಗೆ ಏರಿದವರು ಅದುವರೆಗೆ ಬೇರೊಬ್ಬರಿರಲಿಲ್ಲ. ಹದಿನೇಳಕ್ಕೇ ಅವರ ಅಂಕಪಟ್ಟಿ ಬರೆದು ಮುಗಿಸಿದ್ದರೆ, ಇದಾವುದೂ ಅದರಲ್ಲಿ ಇರುತ್ತಿರಲಿಲ್ಲ.