ಒದ್ದೆಯಾದರೂ ಬೆಚ್ಚಗಿಡುವ ಉಡುಪು

ಮಕ್ಕಳೇ, ಹೊಳೆನರಸೀಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ಏಳನೇ ತರಗತಿಗೆ ಉಷ್ಣ ಪ್ರಸರಣದ ಪಾಠ ಮಾಡುತ್ತಿದ್ದೆ. ಟಿ.ವಿ.ಯಲ್ಲಿ ಕಡಲಿನ ಆಳಕ್ಕೆ ಇಳಿಯುವವರನ್ನು ನೋಡಿದ್ದ ಹುಡುಗನೊಬ್ಬ, ‘ಅವರು ಮೈತುಂಬ ಕಪ್ಪು ಅಂಗಿ ಯಾಕೆ ಹಾಕ್ಕೊಂಡಿರ್ತಾರೆ ಸಾರ್?’ ಎಂದು ಕೇಳಿದ. ‘ಅದರ ಹೆಸರು ವೆಟ್‌ಸೂಟ್. ಅದರೊಳಗೆ ತೆಳುವಾಗಿ ನೀರು ಸೇರುತ್ತದೆ. ಮೈಶಾಖಕ್ಕೆ ಆ ನೀರು ಬಿಸಿಯಾಗಿ ಅವರನ್ನು ಬೆಚ್ಚಗಿಡುತ್ತದೆ’ ಎಂದೆ. ಹಿಂದೆ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ‘ಹಂಗಾದ್ರೆ ಮಳೇಲಿ ನೆಂದ ಅಂಗೀನೂ ಬೆಚ್ಚಗಿಡಬೇಕಿತ್ತಲ್ವಾ ಸಾರ್? ಚಳಿ ಯಾಕಾಗುತ್ತೆ?’

ನನಗೆ ಉತ್ತರ ಹೊಳೆಯಲಿಲ್ಲ. ಎಲ್ಲರೂ ಹೇಳುವುದನ್ನೇ ನಾನೂ ಹೇಳಿದ್ದೆ. ಅವಳ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ಅರ್ಧ ತಪ್ಪಾಗಿತ್ತು. ಮುಂದಿನ ವಾರ ಅದೇ ತರಗತಿಗೆ ಹೋಗಿ ತಿದ್ದಿ ಹೇಳಿದೆ. ಅದನ್ನೇ ಈಗ ನಿಮಗೂ ಹೇಳುತ್ತೇನೆ.

ಶಾಖ ಕದಿಯುವ ನೀರು

ಗಾಳಿಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ನಮಗೆ ಹಿತವೆನಿಸುತ್ತದೆ. ಅದೇ 25 ಡಿಗ್ರಿಯ ನೀರಿನಲ್ಲಿ ಬಹಳ ಹೊತ್ತು ಇದ್ದರೆ ಹಲ್ಲು ಕಟಕಟ ಎನ್ನುತ್ತದೆ. ಏಕೆ? ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿ. ಶಾಖ ಬಿಸಿಯಿಂದ ತಂಪಿನ ಕಡೆಗೆ ಹರಿಯುತ್ತದೆ. ನಿಶ್ಚಲವಾದ ಗಾಳಿಗಿಂತ ನೀರು ಸುಮಾರು 24 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ದೇಹದ ಒಳ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಪ್ರಾಣಕ್ಕೇ ಅಪಾಯ. ಅದಕ್ಕೂ ಮೊದಲೇ ಬೆರಳುಗಳು ಮರಗಟ್ಟಿ ಹಿಡಿತ ತಪ್ಪುತ್ತದೆ. ಮುಳುಗುಗಾರನಿಗೆ ಉಡುಪು ಬೇಕಾಗುವುದು ಇದಕ್ಕೇ.

ಕಂಬಳಿಯ ಗುಟ್ಟು

ಅರಕಲಗೂಡು ಕಡೆ ಜಡಿಮಳೆಯಲ್ಲಿ ಗದ್ದೆಗೆ ಹೋಗುವ ರೈತರು ಕಂಬಳಿ ಕೊಪ್ಪೆ ಹಾಕಿಕೊಳ್ಳುವುದನ್ನು ನೋಡಿದ್ದೀರಲ್ಲವೇ? ಉಣ್ಣೆಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಳಿ ಉತ್ತಮ ಅವಾಹಕ. ಕಂಬಳಿ ತೇವವಾದರೂ ಸ್ವಲ್ಪ ಗಾಳಿ ಉಳಿದೇ ಇರುತ್ತದೆ. ಹತ್ತಿಯ ಅಂಗಿ ನೆನೆದರೆ ಹಾಗಲ್ಲ, ಗಾಳಿಯ ಜಾಗವನ್ನೆಲ್ಲ ನೀರು ಹಿಡಿಯುತ್ತದೆ. ಜೊತೆಗೆ ಆ ನೀರು ಆವಿಯಾಗುವಾಗ ಮೈಯ ಶಾಖವನ್ನೂ ಒಯ್ಯುತ್ತದೆ. ಹುಡುಗಿಯ ಪ್ರಶ್ನೆಗೆ ಇದು ಮೊದಲರ್ಧ ಉತ್ತರ.

ಉಳಿದರ್ಧವನ್ನು ಕಂಡುಕೊಂಡವರು ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಅವರು 1950ರ ದಶಕದ ಆರಂಭದಲ್ಲಿ ವೆಟ್‌ಸೂಟ್ ರೂಪಿಸಿದರು. ಬೆಚ್ಚಗಿರಲು ಮೈ ಒಣಗಿರಲೇಬೇಕೆಂದಿಲ್ಲ, ಉಡುಪಿನ ವಸ್ತುವಿನಲ್ಲಿ ಅನಿಲ ಸೆರೆಯಾಗಿದ್ದರೆ ಸಾಕು ಎಂಬುದು ಅವರ ಯೋಚನೆ. ಅದಕ್ಕೆ ಒದಗಿದ್ದು ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ನೊರೆಹಾಳೆ. ಅದರ ತುಂಬ ಮುಚ್ಚಿದ ಪುಟ್ಟ ಪುಟ್ಟ ಗುಳ್ಳೆಗಳು. ಅವುಗಳೊಳಗೆ ನೀರು ನುಗ್ಗಲಾರದು.

ಅಂದರೆ ಬೆಚ್ಚಗಿಡುವುದು ನೀರಲ್ಲ, ಗುಳ್ಳೆಗಳು! ಒಳಗೆ ಸೇರಿದ ನೀರನ್ನು ಬಿಸಿ ಮಾಡಲು ನಮ್ಮ ಶಾಖವೇ ಖರ್ಚಾಗುತ್ತದೆ. ಆ ನೀರು ಕಡಿಮೆಯಿದ್ದಷ್ಟೂ ಒಳ್ಳೆಯದು, ಅದು ಹೊರಹೋಗಿ ಹೊಸ ತಣ್ಣೀರು ಬರದಿದ್ದರೆ ಇನ್ನೂ ಒಳ್ಳೆಯದು.

ಉಡುಪನ್ನು ಆರಿಸುವುದು ಹೇಗೆ?

ಮೊದಲು ನೋಡಬೇಕಾದ್ದು ದಪ್ಪ. ಮುರುಡೇಶ್ವರದ ಬಳಿ ಅರಬ್ಬಿ ಸಮುದ್ರದಲ್ಲಿ ನೇತ್ರಾಣಿ ದ್ವೀಪವಿದೆ. ಅಲ್ಲಿ ಸ್ಕೂಬಾ ಮುಳುಗುಗಾರರು ಹವಳ, ಬಣ್ಣದ ಮೀನುಗಳನ್ನು ನೋಡಲು ನೀರಿಗಿಳಿಯುತ್ತಾರೆ. ಬೆಚ್ಚಗಿನ ಕಡಲಾದ್ದರಿಂದ 3 ಮಿಲಿಮೀಟರ್ ದಪ್ಪದ ಉಡುಪು ಸಾಕು. ನೀರು 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ 5 ಮಿ.ಮೀ., 15 ಡಿಗ್ರಿಯ ಆಸುಪಾಸಿನಲ್ಲಿದ್ದರೆ 7 ಮಿ.ಮೀ. ಬೇಕು. ಜೊತೆಗೆ ತಲೆಗೆ ಕುಲಾವಿ, ಕೈಗವಸು, ಕಾಲ್ಚೀಲಗಳೂ ಬೇಕು. ಇದು ಸ್ಥೂಲ ಲೆಕ್ಕ. ತೆಳ್ಳಗಿರುವವರಿಗೆ, ಮಕ್ಕಳಿಗೆ ಬೇಗ ಚಳಿಯಾಗುತ್ತದೆ. ಭಾರತದ ‘ಭಾರತಿ’ ಸಂಶೋಧನಾ ಕೇಂದ್ರವಿರುವ ಅಂಟಾರ್ಕ್ಟಿಕಾದ ಕಡಲು ಮೈನಸ್ 2 ಡಿಗ್ರಿಯ ಸಮೀಪಕ್ಕೆ ಇಳಿಯುತ್ತದೆ. ಅಂಥ ಕಡೆ ನೀರು ಒಳಗೆ ಬಾರದ ‘ಡ್ರೈಸೂಟ್’ ತೊಟ್ಟು, ಒಳಗೆ ಬೆಚ್ಚನೆಯ ಬಟ್ಟೆ ಹಾಕಿಕೊಳ್ಳಬೇಕು.

ಎರಡನೆಯದು ಅಳತೆ. ಇದು ದಪ್ಪಕ್ಕಿಂತ ಕಡಿಮೆ ಮುಖ್ಯವಲ್ಲ. ಉಡುಪು ಮೈಗೆ ಅಂಟಿದಂತಿರಬೇಕು. ಸೊಂಟದ ಹಿಂಭಾಗ, ಕಂಕುಳು, ಕುತ್ತಿಗೆಯ ಬಳಿ ಸಡಿಲವಿದ್ದರೆ ಪ್ರತಿ ಚಲನೆಗೂ ತಣ್ಣೀರು ಒಳನುಗ್ಗುತ್ತದೆ. ಹಾಗೆಂದು ಉಸಿರು ಕಟ್ಟುವಷ್ಟು ಬಿಗಿಯೂ ಇರಬಾರದು. ತೊಟ್ಟುಕೊಂಡು ಕುಕ್ಕರಗಾಲಲ್ಲಿ ಕೂತು, ಕೈಗಳನ್ನು ಮೇಲೆತ್ತಿ ನೋಡಬೇಕು.

ಮೂರನೆಯದು ಆಳ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯಲ್ಲಿರುವುದರ ಎರಡರಷ್ಟು. ಬಾಯ್ಲನ ನಿಯಮದ ಪ್ರಕಾರ ಒತ್ತಡ ಎರಡರಷ್ಟಾದರೆ ಅನಿಲದ ಗಾತ್ರ ಅರ್ಧಕ್ಕಿಳಿಯುತ್ತದೆ. ಗುಳ್ಳೆಗಳು ಕುಗ್ಗಿ ಉಡುಪು ತೆಳುವಾಗುತ್ತದೆ. ಮೇಲೆ ಬೆಚ್ಚಗಿದ್ದ ಉಡುಪೇ ಆಳದಲ್ಲಿ ಚಳಿ ತಡೆಯದು. ಗುಳ್ಳೆಗಳಿಂದಾಗಿ ಉಡುಪು ತೇಲುವುದರಿಂದ ಮುಳುಗುಗಾರರು ಸೊಂಟಕ್ಕೆ ತೂಕ ಕಟ್ಟಿಕೊಳ್ಳುತ್ತಾರೆ.

ನೀವೇ ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಮುಚ್ಚಳವಿರುವ ಒಂದೇ ಅಳತೆಯ ಮೂರು ಸಣ್ಣ ಸ್ಟೀಲ್ ಡಬ್ಬಿ, ಉಷ್ಣಮಾಪಕ, ಹತ್ತಿ ಬಟ್ಟೆ, ಟಿ.ವಿ. ಪೆಟ್ಟಿಗೆಯಲ್ಲಿ ಬರುವ ಬಿಳಿ ಫೋಮ್ ಹಾಳೆ, ರಬ್ಬರ್ ಬ್ಯಾಂಡ್, ಅಗಲವಾದ ಬಕೆಟ್.

ವಿಧಾನ: ಮೂರೂ ಡಬ್ಬಿಗೆ ಸುಮಾರು 50 ಡಿಗ್ರಿಯ ಬಿಸಿನೀರನ್ನು ಸಮನಾಗಿ ಶಿಕ್ಷಕರಿಂದ ಹಾಕಿಸಿ. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಒದ್ದೆ ಬಟ್ಟೆ ಸುತ್ತಿ. ಮೂರನೆಯದಕ್ಕೆ ತಳವನ್ನೂ ಸೇರಿಸಿ ಫೋಮ್ ಸುತ್ತಿ ಬಿಗಿಯಾಗಿ ಕಟ್ಟಿ. ಮುಚ್ಚಳದವರೆಗೆ ಬರುವಂತೆ ತಣ್ಣೀರಿನಲ್ಲಿಡಿ. ಫೋಮಿನ ಡಬ್ಬಿ ತೇಲಲು ನೋಡುತ್ತದೆ, ಮೇಲೆ ಕಲ್ಲು ಹೇರಿ. ಏಕೆ ತೇಲುತ್ತದೆಂದು ನಿಮಗೀಗ ಗೊತ್ತು. ಐದು ನಿಮಿಷಕ್ಕೊಮ್ಮೆ ಉಷ್ಣತೆ ಅಳೆದು ಪಟ್ಟಿ ಮಾಡಿ. ಬಳಿಕ ಫೋಮನ್ನು ಸಡಿಲವಾಗಿ ಕಟ್ಟಿ ಮತ್ತೆ ಮಾಡಿ. ಎರಡು ಪಟ್ಟಿಗಳನ್ನು ಹೋಲಿಸಿದರೆ ಅಳತೆಯ ಮಹತ್ವ ತಿಳಿಯುತ್ತದೆ.

ಮರೆಯಬೇಡಿ

ಹೊಳೆನರಸೀಪುರದಲ್ಲಿ ಹೇಮಾವತಿ, ರಾಮನಾಥಪುರದಲ್ಲಿ ಕಾವೇರಿ, ಚನ್ನರಾಯಪಟ್ಟಣದಲ್ಲಿ ದೊಡ್ಡ ಕೆರೆ, ಹಾಸನದ ಸುತ್ತ ಕಟ್ಟೆಗಳು. ನಮ್ಮಲ್ಲಿ ನೀರಿಲ್ಲದ ಊರೇ ಕಡಿಮೆ. ಇಲ್ಲಿ ಯಾರಿಗೂ ವೆಟ್‌ಸೂಟ್ ಬೇಕಿಲ್ಲ, ಆದರೆ ಶಾಖದ ನಿಯಮ ಒಂದೇ. ಹಿರಿಯರಿಲ್ಲದೆ ನೀರಿಗಿಳಿಯಬೇಡಿ. ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ. ದಡದಿಂದಲೇ ಹಗ್ಗವನ್ನೋ ಗಳುವನ್ನೋ ನೀಡಿ, ಕೂಗಿ ದೊಡ್ಡವರನ್ನು ಕರೆಯಿರಿ. ನೆನೆದು ನಡುಗುತ್ತಿರುವವರ ಒದ್ದೆ ಬಟ್ಟೆ ಮೊದಲು ತೆಗೆಸಿ, ಮೈ ಒರೆಸಿ, ಒಣ ಕಂಬಳಿ ಹೊದಿಸಿ.

ಒದ್ದೆ ಬಟ್ಟೆಯನ್ನೇ ಮೊದಲು ಏಕೆ ತೆಗೆಯಬೇಕು? ಉತ್ತರವನ್ನು ನೀವೇ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ. ಅವರ ಉತ್ತರ ಸರಿಯೆನಿಸದಿದ್ದರೆ ಎದ್ದು ನಿಂತು ಕೇಳಿ. ಆ ಹುಡುಗಿ ಕೇಳದಿದ್ದರೆ ನಾನು ಇಂದಿಗೂ ಅರ್ಧ ತಪ್ಪನ್ನೇ ಪಾಠ ಮಾಡುತ್ತಿದ್ದೆ.